ನಾಲ್ಕನೆಯ ಟೈರು

ಉಸ್ತಾದರ ಬಲಗೈ ಹೆಬ್ಬೆರಳಿನ ಉಗುರು ಎಮ್ಮೆಯ ಕೊಂಬಿನ ಚೂರಿನಂತೆ ಕಪ್ಪಗೆ, ದಪ್ಪಗೆ ಇತ್ತು. ಅಂಗಡಿಗೆ ಯಾವ ಟೈರು ಬಂದರೂ ಮೊದಲು ಆ ಉಗುರನ್ನು ರಬ್ಬರಿನೊಳಗೆ ಒತ್ತಿ ತೆಗೆದು, ಬಿದ್ದ ಗುರುತು ಎಷ್ಟು ಹೊತ್ತಿಗೆ ಮಾಯುತ್ತದೆ ಎಂದು ನೋಡುತ್ತ ಕೂರುತ್ತಿದ್ದರು. ಬೇಗ ಮಾಯ್ದರೆ ರಬ್ಬರಿನಲ್ಲಿ ಜೀವ ಉಂಟು. ಗುರುತೇ ಬೀಳದಿದ್ದರೆ ಅದು ಸತ್ತ ರಬ್ಬರು. ಗಿರಾಕಿ ಎಷ್ಟೇ ಅವಸರ ಮಾಡಲಿ, ಆ ಗುರುತು ಮಾಯುವ ತನಕ ಅವರು ಬಾಯಿ ತೆರೆಯುತ್ತಿರಲಿಲ್ಲ.

ಶಹಾಬಾದಿನಲ್ಲಿ ಹಾಸುಗಲ್ಲು ತುಂಬುವ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಅವರ ಅಂಗಡಿ ಇತ್ತು. ಕಲ್ಲಿನ ಚೂರುಗಳು ಲಾರಿ ಟೈರುಗಳನ್ನು ಸೀಳಿಹಾಕುತ್ತಿದ್ದುದರಿಂದ ಅವರಿಗೆ ಕೆಲಸಕ್ಕೆ ಬರವಿರಲಿಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದಿನ ಬಸ್ ಡಿಪೋವೊಂದರಲ್ಲಿ ಟೈರಿನ ಕೆಲಸ ಕಲಿತು ಊರಿಗೆ ಮರಳಿದವರು. ಲಾರಿ ಡ್ರೈವರುಗಳೆಲ್ಲ ಅವರನ್ನು ಉಸ್ತಾದ್ ಎಂದು ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ.

ನಾನಾಗ ವಾಡಿಯ ಹತ್ತಿರದ ಒಂದು ಸಿಮೆಂಟ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದೆ. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲ. ನಿವೃತ್ತರಾಗಿ ಊರಿಗೆ ಹೊರಟಿದ್ದ ಹಿರಿಯ ಎಂಜಿನಿಯರ್ ಒಬ್ಬರಿಂದ ನಾನೊಂದು ಕೆಂಪು ಕಾರು ಕೊಂಡಿದ್ದೆ. ಇಬ್ಬರೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡು ಓಡುವ ವಿಲಾಯತಿ ಸ್ಪೋರ್ಟ್ಸ್ ಕಾರು. ವಾರವಿಡೀ ಅದರಲ್ಲೇ ಕಾರ್ಖಾನೆಗೆ ಹೋಗುತ್ತಿದ್ದೆ. ವರ್ಷಕ್ಕೊಮ್ಮೆ ಮದರಾಸಿನ ಹೊರಗೆ, ಯುದ್ಧಕಾಲದಲ್ಲಿ ವಿಮಾನ ಇಳಿಸಲು ಮಾಡಿದ್ದ ಹಳೆಯ ಪಟ್ಟಿಯ ಮೇಲೆ ಕಾರಿನ ಪಂದ್ಯ ನಡೆಯುತ್ತಿತ್ತು. ಎರಡು ವರ್ಷ ಹೋಗಿ ನೋಡಿಕೊಂಡು ಬಂದಿದ್ದೆ. ಮೂರನೆಯ ವರ್ಷ ನಾನೇ ಓಡಿಸುವುದೆಂದು ಹೆಸರು ಕೊಟ್ಟೆ.

ಆ ವರ್ಷ ತಪ್ಪಿದರೆ ಮತ್ತೆ ಇರಲಿಲ್ಲ. ಮುಂದಿನ ತಿಂಗಳು ನನ್ನ ಮದುವೆ ಗೊತ್ತಾಗಿತ್ತು. ಹುಡುಗಿಯ ತಂದೆ ಚಿಂಚೋಳಿಯ ವಕೀಲರು. ಮಾತುಕತೆ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ ಅವರು ಒಂದೇ ಒಂದು ಕರಾರು ಹೇಳಿದ್ದರು: "ಲಗ್ನ ಆದಮ್ಯಾಲೆ ಆ ಕೆಂಪು ಗಾಡಿ ಮನ್ಯಾಗ ಇರಬಾರದು." ನಾನು ಒಪ್ಪಿಕೊಂಡಿದ್ದೆ.

ಪಂದ್ಯಕ್ಕೆಂದು ಮುಂಬಯಿಯ ಗೆಳೆಯನೊಬ್ಬ ನಾಲ್ಕು ವಿಲಾಯತಿ ರೇಸಿನ ಟೈರುಗಳನ್ನು ರೈಲಿನಲ್ಲಿ ಕಳಿಸಿದ. ಯಾರೋ ಒಂದೆರಡು ಪಂದ್ಯ ಓಡಿಸಿ ಬಿಟ್ಟವು. ಹೆಮ್ಮೆಯಿಂದ ಅವನ್ನು ಉಸ್ತಾದರ ಅಂಗಡಿಗೆ ಒಯ್ದು ಹಾಸುಗಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದೆ. ಅವರು ಉಗುರು ಒತ್ತಿದರು, ಕಾದರು, ಒಂದನ್ನು ಎತ್ತಿ ಮೂಸಿದರು.

"ಮದ್ರಾಸಿಗಿ ಹೆಂಗ ಹೋಗ್ತೀರಿ, ಸಾಹೇಬ್ರ?"

"ಇದೇ ಕಾರಿನ್ಯಾಗ."

"ವಾಪಸ್?"

"ಇದರಾಗೇ."

"ಮರುದಿನ ಫ್ಯಾಕ್ಟ್ರಿಗಿ?"

"ಇದರಾಗೇ, ಉಸ್ತಾದ್. ನನ್ನ ಹಂತ್ಯಾಕ ಬ್ಯಾರೆ ಗಾಡಿ ಎಲ್ಲದ?"

"ಹಂಗಾದ್ರ ಇವು ನಿಮ್ಮ ಟೈರ್ ಅಲ್ರಿ. ಕಾರು ಲಾರಿ ಮ್ಯಾಲೆ ಹೇರಿಕೊಂಡು ಹೋಗೋರವು. ಗುತ್ತಿ ಊರು ದಾಟೂದ್ರೊಳಗ ಕಲ್ಲು ಇವನ್ನ ತಿಂದು ಹಾಕ್ತದ. ಅದೂ ಅಲ್ದ ಎಲ್ಲೋ ಬಿಸಲಾಗ ಇಟ್ಟಾರ. ಮ್ಯಾಲೆ ಚಂದ ಕಾಣಸ್ತಾವ, ಒಳಗ ದಮ್ ಇಲ್ಲ."

ನಾನು ವಾದಿಸಿದೆ. ಪಂದ್ಯದಲ್ಲಿ ತಿರುವು ಹಿಡಿಯುವಾಗ ಮೆತ್ತಗಿನ ರಬ್ಬರು ಬೇಕು, ನಿಮ್ಮ ಗಟ್ಟಿ ಟೈರಿನಿಂದ ಆಗದು ಎಂದೆ. ಅವರು ಅದನ್ನು ಅಲ್ಲಗಳೆಯಲಿಲ್ಲ. ಬೇಕಾದಷ್ಟು ಹಿಡಿತ, ಬೇಕಾದಷ್ಟು ಬಾಳಿಕೆ ಎರಡೂ ಒಂದೇ ಟೈರಿನಲ್ಲಿ ಸಿಗುವುದಿಲ್ಲ. ಎಲ್ಲಿ ಎಷ್ಟು ಬಿಟ್ಟುಕೊಡುತ್ತೀರಿ ಹೇಳಿ ಎಂದರು. ಮೂರು ದಿನ ಇದೇ ಚರ್ಚೆ ನಡೆಯಿತು. ಕೊನೆಗೆ ಅವರೇ ದಾರಿ ತೆಗೆದರು. ನಮ್ಮ ಕಡೆಯ ಟ್ಯಾಕ್ಸಿಗಳು ಹಾಕುವ ಗಟ್ಟಿಮುಟ್ಟಾದ ಟೈರುಗಳಲ್ಲಿ ನನ್ನ ಚಕ್ರಕ್ಕೆ ಕೂರುವ ಅಳತೆಯದು ಸಿಗುತ್ತಿತ್ತು. ಅಂಥ ನಾಲ್ಕು ಹೊಸ ಟೈರು ತಂದು, ಅವುಗಳ ಮೇಲೆ ಉಬ್ಬಿರುವ ರಬ್ಬರಿನ ಗಟ್ಟೆಗಳನ್ನು ಯಂತ್ರದಲ್ಲಿ ಉಜ್ಜಿ ಅರ್ಧಕ್ಕಿಂತ ತೆಳ್ಳಗೆ ಮಾಡುವುದು. ದಪ್ಪ ಗಟ್ಟೆ ತಿರುವಿನಲ್ಲಿ ಹೊರಳಾಡುತ್ತದೆ, ಹೊರಳಾಡಿದಷ್ಟೂ ಕಾಯುತ್ತದೆ, ಕಾದರೆ ಜಾರುತ್ತದೆ. ತೆಳ್ಳಗಾದರೆ ಗಟ್ಟಿಯಾಗಿ ನಿಲ್ಲುತ್ತದೆ. ದಾರಿಗೂ ಆಯಿತು, ಪಂದ್ಯಕ್ಕೂ ಆಯಿತು. ಐದನೆಯದನ್ನು ಉಜ್ಜದೆ ಹಾಗೆಯೇ ಸ್ಟೆಪ್ನಿ ಎಂದು ಇಟ್ಟುಕೊಳ್ಳುವುದು.

ಗಾಳಿ ಎಷ್ಟಿರಬೇಕು ಎಂದು ಅವರು ನೋಡಿದ ರೀತಿ ನನಗೆ ಇವತ್ತಿಗೂ ನೆನಪಿದೆ. ಅಂಗಡಿಯ ಮುಂದಿನ ಒಣಗಿದ ಹಾಸುಗಲ್ಲಿನ ಮೇಲೆ, ಟೈರುಗಳಿಗೆ ನೀರು ಬಳಿದು, ಕಾರನ್ನು ಮೆಲ್ಲಗೆ ಉರುಳಿಸಲು ಹೇಳುತ್ತಿದ್ದರು. ಕಲ್ಲಿನ ಮೇಲೆ ಮೂಡಿದ ಹಸಿ ಗುರುತಿನ ನಡುಭಾಗ ಮಾತ್ರ ಎದ್ದು ಕಂಡರೆ ಗಾಳಿ ಹೆಚ್ಚು, ಎರಡು ಅಂಚು ಮಾತ್ರ ಕಂಡರೆ ಕಡಿಮೆ. ಹತ್ತು ಹದಿನೈದು ಸಲ ಉರುಳಿಸಿದ ಮೇಲೆ, ದಾರಿಗೆ ಇಷ್ಟು, ಪಂದ್ಯಕ್ಕೆ ಇಷ್ಟು ಎಂದು ಎರಡು ಅಂಕಿಗಳನ್ನು ಸೀಮೆಸುಣ್ಣದಿಂದ ಕಾರಿನ ಬಾಗಿಲ ಒಳಗೆ ಬರೆದುಕೊಟ್ಟರು. ಟೈರುಗಳ ಒಳಮೈಗೂ ಉರ್ದು ಅಂಕಿಗಳಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು ಜೋಡಿಸಿದರು.

ಗುರುವಾರ ಬೆಳಿಗ್ಗೆ ವಾಡಿಯಿಂದ ಹೊರಟು ಶುಕ್ರವಾರ ಸಂಜೆ ಮದರಾಸು ಸೇರಿದೆ. ಶನಿವಾರ ಅಭ್ಯಾಸದ ಓಟ. ಟೈರುಗಳು ಅವರು ಹೇಳಿದಂತೆಯೇ ನಡೆದುಕೊಂಡವು. ನಮ್ಮ ಸಣ್ಣ ಕಾರುಗಳ ಗುಂಪಿನಲ್ಲಿ ವೇಗದಲ್ಲಿ ನನ್ನದು ಮೂರನೆಯದು. ಟ್ರಕ್ಕಿನಲ್ಲಿ ಕಾರು ತಂದಿದ್ದ ಸಿರಿವಂತರ ಮನೆಯ ಇಬ್ಬರು ಬಂದು ನನ್ನ ಟೈರುಗಳನ್ನು ಬಗ್ಗಿ ನೋಡಿ, ಯಾರು ಮಾಡಿದ್ದು ಎಂದು ಕೇಳಿದರು. ಶಹಾಬಾದ್ ಎಂದೆ. ಅವರಿಗೆ ಅದು ಎಲ್ಲಿದೆ ಎಂದು ಗೊತ್ತಾಗಲಿಲ್ಲ.

ಭಾನುವಾರ ಬೆಳಿಗ್ಗೆ ಕಾರಿನ ಪಕ್ಕ ಕೂತು ಇಡ್ಲಿ ತಿನ್ನುತ್ತಿದ್ದೆ. ಪಂದ್ಯಕ್ಕೆ ಇನ್ನೂ ಎರಡು ಗಂಟೆ ಇತ್ತು. ದೂರದ ಹಗ್ಗದ ಬೇಲಿಯ ಹತ್ತಿರ ಕಾವಲಿನವನು ಯಾರನ್ನೋ ತಡೆದು ತಮಿಳಿನಲ್ಲಿ ಗದರುತ್ತಿದ್ದ. ಬಿಳಿ ಪೈಜಾಮ, ಮಾಸಿದ ಕರಿಯ ಕೋಟು, ಕೈಯಲ್ಲಿ ಬಟ್ಟೆಯ ಗಂಟು. ಎದ್ದು ಹೋಗಿ ನೋಡಿದರೆ ಉಸ್ತಾದ್.

ನಾನು ಮಾತಾಡುವ ಮೊದಲೇ ಅವರು ಕೇಳಿದರು: "ಓಡಸಿಲ್ಲಲ್ರಿ ಇನ್ನಾ?"

"ನಿನ್ನೆ ಓಡಸೀನಿ, ಬಹಾಳ ಚಲೋ ಅವ. ನೀವ್ಯಾಕ ಇಲ್ಲಿ?"

ಅವರು ಸೀದಾ ಕಾರಿನ ಹತ್ತಿರ ಬಂದು ಎಡಗಡೆಯ ಹಿಂದಿನ ಚಕ್ರದ ಮುಂದೆ ಕುಕ್ಕರಿಸಿ ಕೂತರು. ಅದೇ ನಾಲ್ಕನೆಯ ಟೈರು. ಉಗುರು ಒತ್ತಲಿಲ್ಲ, ಅಂಗೈಯಿಂದ ಸುತ್ತಲೂ ಸವರಿದರು. ಆಮೇಲೆ ಹೇಳಿದರು. ನಾಲ್ಕನೆಯದನ್ನು ಉಜ್ಜುವಾಗ ಕರೆಂಟು ಹೋಗಿ ಒಮ್ಮೆಲೇ ಬಂದಿತ್ತು. ಯಂತ್ರ ಎಗರಿ ಒಂದು ಕಡೆ ಆಳಕ್ಕೆ ಕಚ್ಚಿತ್ತು. ಅವರು ಅಲ್ಲಿಯೇ ನಿಲ್ಲಿಸಿ ನೋಡಿದ್ದರು, ಹರಿದರೆ ವೇಗದಲ್ಲಿ ಟೈರನ್ನೇ ಸಿಡಿಸುವ ಒಳಗಿನ ನೂಲಿನ ಪದರಕ್ಕೆ ತಾಗಿದಂತೆ ಕಾಣಲಿಲ್ಲ. ಶುಕ್ರವಾರ ನಮಾಜಿಗೆ ಮೊದಲು ಅಂಗಡಿ ಗುಡಿಸುವಾಗ ರಬ್ಬರಿನ ಪುಡಿಯಲ್ಲಿ ಒಂದು ಎಳೆ ಬಿಳಿ ನೂಲು ಸಿಕ್ಕಿತು. ನನ್ನ ಟೈರು ಉಜ್ಜಿದ ದಿನವೇ ಒಂದು ಲಾರಿ ಟೈರನ್ನೂ ಉಜ್ಜಿದ್ದರು. ನೂಲು ಅದರದೋ, ನನ್ನ ಟೈರಿನದೋ ತಿಳಿಯಲಿಲ್ಲ. ನಮಾಜು ಮುಗಿಸಿ ವಾಡಿಗೆ ಬಂದು ಮದರಾಸಿನ ರೈಲು ಹತ್ತಿದ್ದರು. ಹೈದರಾಬಾದಿನ ಆಚೆ ಅವರು ಹೋದದ್ದು ಅದೇ ಮೊದಲು.

"ತಾರ್ ಕಳಸಬಹುದಿತ್ತಲ್ಲ?" ಎಂದೆ.

"ತಾರ್ ಬಂದ್ರ ನೀವು ಓದಿ ಕಿಸೆದಾಗ ಇಟ್ಕೊಂಡು ಓಡಸ್ತಿದ್ರಿ. ನನಗ ಗೊತ್ತದ."

ಅದು ನಿಜವಾಗಿತ್ತು. ನಾನು ಅವರಿಗೆ ಹೇಳಿದೆ, ನಾನೂರು ಮೈಲಿಗೂ ಹೆಚ್ಚು ದಾರಿ ಬಂದಿದ್ದೇನೆ, ನಿನ್ನೆ ಪೂರ್ತಿ ಓಡಿಸಿದ್ದೇನೆ, ಏನೂ ಆಗಿಲ್ಲ, ಇನ್ನು ಅರ್ಧ ಗಂಟೆಯ ಪಂದ್ಯಕ್ಕೆ ಏನಾಗುತ್ತದೆ? ಅವರು ನೆಲ ನೋಡುತ್ತಿದ್ದರು.

"ಖರಾಬ್ ಅದ ಅಂತ ನಾ ಹೇಳಾಕತ್ತಿಲ್ರಿ. ಗೊತ್ತಿಲ್ಲ ಅಂತ ಹೇಳಾಕತ್ತೀನಿ."

"ಸ್ಟೆಪ್ನಿ ಹಾಕ್ಕೊಂಡು ಓಡಸ್ಲೇನು?"

"ಮೂರು ಒಂದು ನಮೂನಿ, ಒಂದು ಬ್ಯಾರೆ ನಮೂನಿ. ಅದರ ಮ್ಯಾಲೆ ಸಾವಕಾಶ ಮನಿಗಿ ಹೋಗಬಹುದು. ರೇಸ್ ಆಗಲ್ರಿ."

ನನಗೆ ಬಂದ ಸಿಟ್ಟನ್ನು ಇಲ್ಲಿ ಮುಚ್ಚಿಡಬೇಕಾದ್ದಿಲ್ಲ. ನಿಮಗೆ ಅನುಮಾನವಿದ್ದರೆ ಊರಲ್ಲೇ ಹೇಳಬೇಕಿತ್ತು ಎಂದು ಸುತ್ತಲಿನವರು ತಿರುಗಿ ನೋಡುವಷ್ಟು ಜೋರಾಗಿ ಕೂಗಿದೆ. ಅವರು "ಹೌದ್ರಿ, ತಪ್ಪು ನಂದು" ಎಂದರು. ಹಾಗೆ ಹೇಳಿಯೂ ಚಕ್ರದ ಮುಂದಿನಿಂದ ಏಳಲಿಲ್ಲ. ಅವರನ್ನು ಎಬ್ಬಿಸಿ ಕಾರು ಓಡಿಸುವುದು ನನ್ನಿಂದ ಆಗಲಿಲ್ಲ. ಹೋಗಿ ನನ್ನ ಹೆಸರು ತೆಗೆಸಿ ಬಂದೆ. ಪಂದ್ಯವನ್ನು ಇಬ್ಬರೂ ಬೇಲಿಯ ಹೊರಗೆ ನಿಂತು ನೋಡಿದೆವು.

ನಾಲ್ಕನೆಯದರ ಜಾಗದಲ್ಲಿ ಸ್ಟೆಪ್ನಿ ಹಾಕಿಕೊಂಡು ಹೊರಟೆವು. ಮರಳುವ ದಾರಿಯಲ್ಲಿ ಅವರು ನನ್ನ ಪಕ್ಕದ ಸೀಟಿನಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎರಡು ದಿನದ ದಾರಿ. ಮೊದಲ ದಿನ ನಾನು ಊಟಕ್ಕೆ, ಚಹಕ್ಕೆ ನಿಲ್ಲಿಸಿದಾಗ ಮಾತ್ರ ಎರಡು ಮಾತಾಡಿರಬಹುದು. ಎರಡನೆಯ ದಿನ ಗುತ್ತಿಯ ಹತ್ತಿರ ಮುಂದೆ ಹೋಗುತ್ತಿದ್ದ ಲಾರಿಯೊಂದನ್ನು ಅವರು ಕೈಬೀಸಿ ನಿಲ್ಲಿಸಿದರು. ಡ್ರೈವರನಿಗೆ ತೆಲುಗಿನಲ್ಲಿ ಏನೋ ಹೇಳಿ, ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿಕೊಂಡಿದ್ದ ಮುಷ್ಟಿ ಗಾತ್ರದ ಕಲ್ಲನ್ನು ತೋರಿಸಿ, ತಾವೇ ಕಬ್ಬಿಣದ ಸಲಾಕೆಯಿಂದ ಕಿತ್ತು ತೆಗೆದರು. ಆ ಡ್ರೈವರ್ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಮರಳಿ ಬಂದು ಕೂತು, ಕೈ ಒರೆಸಿಕೊಂಡು, "ನಡೀರಿ" ಎಂದರು. ಅಲ್ಲಿಂದ ಮುಂದೆ ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ಶಹಾಬಾದ್ ಮುಟ್ಟಿದ ಮೇಲೆ ನಾನು ಕಾರಿನಿಂದ ಇಳಿಯದೆ ಹೊರಟುಬಿಡಬೇಕೆಂದಿದ್ದೆ. ಅವರು ಬಿಡಲಿಲ್ಲ. "ಕುಂದ್ರಿ, ನೋಡೇ ಹೋಗ್ರಿ" ಎಂದರು. ನಾಲ್ಕನೆಯ ಟೈರನ್ನು ಅದರ ಚಕ್ರದಿಂದ ಕಳಚಿ, ಚಾಕುವಿಗೆ ಸಾಬೂನಿನ ನೀರು ಸವರುತ್ತ, ಯಂತ್ರ ಕಚ್ಚಿದ ಕಡೆಯಿಂದ ಸುತ್ತಲೂ ಕೊಯ್ದರು. ರಬ್ಬರನ್ನು ಹಲಸಿನ ತೊಳೆಯಂತೆ ಬಿಡಿಸಿ ಒಳಗಿನ ಪದರವನ್ನು ಬೆಳಕಿಗೆ ಹಿಡಿದರು. ಎಳೆ ಎಳೆಯಾಗಿ ನೋಡಿದರು. ಅರ್ಧ ಗಂಟೆಯಾಯಿತು. ಒಂದು ನೂಲೂ ಹರಿದಿರಲಿಲ್ಲ. ಅವರು ಅದನ್ನು ಅಡಗಿಸಿಡಬಹುದಿತ್ತು. ಹೇಗೂ ಕೊಯ್ದದ್ದಾಗಿತ್ತು, ಇಲ್ಲಿ ನೋಡ್ರಿ ಹರಿದದ ಎಂದಿದ್ದರೆ ನಾನು ನಂಬುತ್ತಿದ್ದೆ. ನನಗೆ ಟೈರಿನ ಒಳಗಿನ ಸಂಗತಿ ಏನು ಗೊತ್ತು? ಅವರು ನನ್ನ ಬೆರಳು ಹಿಡಿದು ಆ ಪದರದ ಮೇಲೆ ಉದ್ದಕ್ಕೂ ಎಳೆದರು.

"ಏನೂ ಆಗಿಲ್ರಿ. ನೂಲು ಲಾರಿ ಟೈರಿಂದೇ ಇರಬೇಕು."

"ಹಂಗಾದ್ರ ಓಡಸಬಹುದಿತ್ತು."

"ಓಡಸಬಹುದಿತ್ತು ಅಂತ ಈಗ ಗೊತ್ತಾಯ್ತು, ಸಾಹೇಬ್ರ. ಮೊನ್ನೆ ಗೊತ್ತಿರಲಿಲ್ಲ."

ನನ್ನ ಮದುವೆಯಾಯಿತು. ಕೆಂಪು ಕಾರು ಮಾರಿದೆ. ಮತ್ತೆಂದೂ ನಾನು ಪಂದ್ಯದಲ್ಲಿ ಓಡಿಸಲಿಲ್ಲ. ಸುಮಾರು ಒಂದು ವರ್ಷ ಉಸ್ತಾದರ ಅಂಗಡಿಯ ಕಡೆ ಹೋಗಲಿಲ್ಲ, ಆ ರಸ್ತೆಯನ್ನೇ ತಪ್ಪಿಸಿ ಓಡಾಡಿದೆ. ನನ್ನ ಒಂದೇ ಒಂದು ಪಂದ್ಯವನ್ನು ಕಸಬರಿಗೆಗೆ ಸಿಕ್ಕ ಒಂದು ನೂಲಿನ ಎಳೆ ತಿಂದುಹಾಕಿತು ಎಂಬ ಕಹಿ ಇತ್ತು.

ಆ ಕಹಿ ಹೋದದ್ದು ಪ್ರಯೋಗಾಲಯದಲ್ಲಿ. ರಾಜ್ಯ ಕರ್ನಾಟಕವಾದ ಮೇಲಿನ ಮಾತು. ಒಂದು ದಿನ ಪರೀಕ್ಷೆಗೆಂದು ಎರಕ ಹೊಯ್ದ ಸಿಮೆಂಟಿನ ಮೂರು ಗಟ್ಟಿಗಳಲ್ಲಿ ಒಂದು, ಹೊರಬೇಕಾದಷ್ಟು ಭಾರ ಹೊರುವ ಮೊದಲೇ ಒಡೆಯಿತು. ಗಟ್ಟಿ ಹಾಕುವಾಗಿನ ತಪ್ಪೋ, ಸಿಮೆಂಟಿನದೇ ದೋಷವೋ ಹೇಳುವಂತಿರಲಿಲ್ಲ. ಮಾಲು ಆಗಲೇ ವ್ಯಾಗನ್ನುಗಳಲ್ಲಿ ತುಂಬಿತ್ತು. ಎರಡು ಗಟ್ಟಿಗಳ ಆಧಾರದ ಮೇಲೆ ಸಹಿ ಹಾಕುವುದು ವಾಡಿಕೆ. ನಾನು ಪೆನ್ನು ತೆರೆದವನು ಹಾಗೆಯೇ ಮುಚ್ಚಿದೆ. ಮೇಲಧಿಕಾರಿ ಕರೆಸಿ ಕೇಳಿದರು, ಮಾಲಿನಲ್ಲಿ ಏನು ದೋಷವಿದೆ? "ಗೊತ್ತಿಲ್ಲ ಸರ್" ಎಂದೆ. ಗೊತ್ತಿಲ್ಲದವನಿಗೆ ಇಲ್ಲೇನು ಕೆಲಸ ಎಂದು ಅವರು ರೇಗಿದರು. ವ್ಯಾಗನ್ನುಗಳು ವಾರ ನಿಂತವು. ಮರುಪರೀಕ್ಷೆಯಲ್ಲಿ ಸಿಮೆಂಟು ಚೆನ್ನಾಗಿಯೇ ಇತ್ತು. ಆ ವರ್ಷ ನನ್ನ ಬಡ್ತಿ ತಪ್ಪಿತು.

ಬಡ್ತಿ ತಪ್ಪಿದ ಸುದ್ದಿ ಬಂದ ದಿನ ಸಂಜೆ ಸೀದಾ ಶಹಾಬಾದಿಗೆ ಹೋಗಿ ಉಸ್ತಾದರಿಗೆ ಎಲ್ಲವನ್ನೂ ಹೇಳಿದೆ. ಅವರು ಲಾರಿ ಟೈರೊಂದಕ್ಕೆ ತೇಪೆ ಹಾಕುತ್ತಲೇ ಕೇಳಿಸಿಕೊಂಡರು. ಭೇಷ್ ಎನ್ನಲಿಲ್ಲ. "ಮನ್ಯಾಗ ಹೆಂಡ್ತಿಗಿ ಹೇಳೀರೇನು, ಬಡ್ತಿ ಹೋಗಿದ್ದು?" ಎಂದಷ್ಟೇ ಕೇಳಿದರು. ಇಲ್ಲ ಎಂದೆ. "ಮೊದಲ ಅಕಿಗಿ ಹೇಳ್ರಿ. ಅಕಿ ಪಾಲೂ ಅದ ಅದರಾಗ" ಎಂದು ಚಹಾ ತರಿಸಿದರು.

ಆಮೇಲೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ಎಂಬತ್ತರ ದಶಕದ ಮೊದಲಿಗೆ ರಬ್ಬರಿನ ಪುಡಿ ಅವರ ಎದೆ ಹಿಡಿಯಿತು. ನಾಲ್ಕು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಒಂದು ರಮಜಾನಿನಲ್ಲಿ ತೀರಿಕೊಂಡರು. ನಾನಾಗ ಕೆಲಸದ ಮೇಲೆ ಪರವೂರಿನಲ್ಲಿದ್ದೆ. ಮಣ್ಣಿಗೆ ಹೋಗಲು ಆಗಲಿಲ್ಲ.

ಅವರು ಹೋಗಿ ಎರಡು ವರ್ಷದ ಮೇಲೆ ನಾನು ಮತ್ತೊಮ್ಮೆ ಸಹಿ ಹಾಕದೆ ಮಾಲು ಹಿಡಿದಿಟ್ಟೆ. ಈ ಸಲವೂ ನನಗೆ ಇದ್ದದ್ದು ಅನುಮಾನವಷ್ಟೇ. ಮರುಪರೀಕ್ಷೆಯಲ್ಲಿ ಅದರಲ್ಲಿ ಸುಣ್ಣದ ಅಂಶ ಮಿತಿ ಮೀರಿದ್ದು ಕಂಡಿತು. ಅಂಥ ಸಿಮೆಂಟು ಕಟ್ಟಿದಾಗ ಚೆನ್ನಾಗಿಯೇ ಕಾಣುತ್ತದೆ, ವರ್ಷ ಕಳೆದ ಮೇಲೆ ಒಳಗಿಂದ ಉಬ್ಬಿ ಬಿರಿಯುತ್ತದೆ. ಆ ಚೀಲಗಳು ಕಾಳಗಿಯ ಕಡೆಯ ಒಂದು ಪ್ರಾಥಮಿಕ ಶಾಲೆಯ ಛಾವಣಿಗೆ ಹೋಗಬೇಕಾಗಿದ್ದವು. ಬೇರೆ ಸಿಮೆಂಟು ಕಳಿಸಿದರು. ನಿವೃತ್ತನಾದ ಮೇಲೆ ಒಮ್ಮೆ ಬಸ್ಸಿನಲ್ಲಿ ಆ ಊರಿಗೆ ಹೋಗಿ ಶಾಲೆಯನ್ನು ಹೊರಗಿನಿಂದ ನೋಡಿ ಬಂದೆ. ಒಳಗೆ ಮಕ್ಕಳು ಗಟ್ಟಿಯಾಗಿ ಮಗ್ಗಿ ಹೇಳುತ್ತಿದ್ದರು. ಮೇಷ್ಟ್ರು ಹೊರಗೆ ಬಂದು, ಯಾರು ಬೇಕಾಗಿತ್ತು ಎಂದು ಕೇಳಿದರು. ಯಾರೂ ಇಲ್ಲ, ಸುಮ್ಮನೆ ಬಂದೆ ಎಂದೆ.