ಎಂಜಲಿನ ಸಾಕ್ಷಿ

ನಮ್ಮದು ದಳವಾಯಿಗಳ ವಂಶವೆಂದು ಅಪ್ಪ ಹೇಳುತ್ತಲೇ ಬಂದಿದ್ದರು. ಕಲಬುರ್ಗಿ ಕಡೆಯ ಯಾವುದೋ ಸಂಸ್ಥಾನ, ಯಾವುದೋ ಕೋಟೆ. ಹೆಸರು ಕೇಳಿದರೆ ಮಾತು ಬದಲಿಸುತ್ತಿದ್ದರು. ನಮಗೆ ಗೊತ್ತಿದ್ದದ್ದು ಇಷ್ಟೇ: ಅಜ್ಜ ಊರು ಬಿಟ್ಟು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಈ ಕಡೆ ಬಂದವರು, ಕಡೆಗೆ ಪುಣೆಯ ಬಿಬವೇವಾಡಿಯಲ್ಲಿ ತಗಡಿನ ಪತ್ರಾ ಹೊದಿಸಿದ ಒಂದು ಮನೆ ಕಟ್ಟಿಕೊಂಡವರು. ಈಗ ನಾವಿರುವ ಸೊಸೈಟಿಯ ಸೆಕ್ರೆಟರಿ, ತನ್ನ ಪೂರ್ವಜರು ಮರಾಠಾ ಸರದಾರರೆಂದು ಗಣಪತಿ ಮಂಟಪದಲ್ಲಿ ಭಾಷಣ ಬಿಗಿದ ಮೇಲಂತೂ ಅಪ್ಪನಿಗೆ ಸಮಾಧಾನವೇ ಇಲ್ಲ. ಮಗರಪಟ್ಟಾದ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ನನ್ನ ತಮ್ಮ, ಡಿಎನ್‌ಎ ಪರೀಕ್ಷೆ ಮಾಡಿಸಿಬಿಡೋಣ ಎಂದು ತಮಾಷೆ ಮಾಡಿದ. ಅಪ್ಪ ಅದನ್ನು ತಮಾಷೆಯೆಂದು ತಿಳಿಯಲಿಲ್ಲ.

ಕೊರಿಯರ್‌ನಲ್ಲಿ ಒಂದು ಪುಟ್ಟ ಕೊಳವೆ ಬಂತು. ಅದರಲ್ಲಿ ಗೆರೆಯವರೆಗೆ ಎಂಜಲು ತುಂಬಬೇಕು. ಅಪ್ಪನ ಬಾಯಿ ಒಣಗಿಹೋಗಿತ್ತು. ಅವ್ವ ಎದುರಿಗೆ ಕೂತು ಮಾವಿನಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿದಳು, ತಿನ್ನಲು ಮಾತ್ರ ಕೊಡಲಿಲ್ಲ. ದಳವಾಯಿ ವಂಶದ ಪುರಾವೆ ಹೊರಬಿದ್ದದ್ದು ಹೀಗೆ.

ಫಲಿತಾಂಶದಲ್ಲಿ ಕೋಟೆಯ ಸುದ್ದಿಯೇ ಇರಲಿಲ್ಲ. ನಾವು ದಕ್ಷಿಣ ಏಷ್ಯಾದವರೆಂದು ಬರೆದಿತ್ತು. ಇದನ್ನು ಹೇಳುವುದಕ್ಕೆ ನನ್ನ ಎಂಜಲು ಬೇಕಿತ್ತೇ ಎಂದು ಅಪ್ಪ ಗೊಣಗಿದರು. ಆದರೆ ಕೆಳಗೆ ಒಬ್ಬ ಹತ್ತಿರದ ಸಂಬಂಧಿಯನ್ನು ತೋರಿಸಿತ್ತು. ನಾವ್ಯಾರೂ ಹೆಸರು ಕೇಳಿರದ ಮರಾಠಿ ಮನುಷ್ಯ, ಅಪ್ಪನ ಮಲಸಹೋದರ ಇಲ್ಲವೇ ಮಲಸಹೋದರಿಯ ಮಗನಿರಬಹುದಂತೆ. ತಮ್ಮ ಸಂದೇಶ ಕಳಿಸಿದ. ಉತ್ತರ ಸಂಜೆಯೇ ಬಂತು. ಅವನ ತಾಯಿ ಜೇಜುರಿಯವಳು. ತಾಯಿಯ ತಂದೆ ಪುಣೆಯಲ್ಲಿದ್ದ ಒಬ್ಬ ಕನ್ನಡದ ಗೌಂಡಿ, ಅಮಾವಾಸ್ಯೆಗೊಮ್ಮೆ ಮನೆಗೆ ಬರುತ್ತಿದ್ದರು.

ನಮ್ಮಜ್ಜನ ಜೇಜುರಿ ಭಕ್ತಿ ನೆಂಟರಲ್ಲೆಲ್ಲ ಹೆಸರುವಾಸಿ. ಮಳೆಯಿರಲಿ, ಜ್ವರವಿರಲಿ, ಅಮಾವಾಸ್ಯೆಗೆ ಖಂಡೋಬನ ದರ್ಶನ ತಪ್ಪಿಸಿದವರಲ್ಲ. ಮರಳಿ ಬಂದಾಗ ಅಂಗಿ ತುಂಬ ಭಂಡಾರದ ಅರಿಶಿನ. ಅಜ್ಜಿ ಅದನ್ನು ಒಗೆದು ಒಗೆದು ಪುಣ್ಯ ಕಟ್ಟಿಕೊಂಡಿದ್ದಳು.

ಮಷೀನು ಕೆಟ್ಟಿದೆ, ಇನ್ನೊಮ್ಮೆ ಉಗುಳುತ್ತೇನೆ ಎಂದರು ಅಪ್ಪ.

"ಖಂಡೋಬ ದೇವರಿಗೇ ಇಬ್ಬರು ಹೆಂಡ್ರು ಅದಾರ್ರಿ," ಎಂದಳು ಅವ್ವ. "ಮಾವನೋರು ಭಕ್ತಿ ಪೂರಾ ಮಾಡ್ಯಾರ."

ಅಪ್ಪ ಅವಳೊಡನೆ ಕೆಲವು ದಿನ ಮಾತು ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಅವರ ದೊಡ್ಡತನ ಜಾಗೃತವಾಯಿತು. ಪಾಪ, ಆ ಹೆಣ್ಣುಮಗಳ ತಪ್ಪೇನು, ಅಣ್ಣನಾದವನು ನೋಡಿಕೊಳ್ಳಬೇಡವೇ ಎಂದು ಒಂದು ಇಳಕಲ್ ಸೀರೆ ತಂದರು. ನಾವು ನಾಲ್ವರೂ ಜೇಜುರಿಗೆ ಹೊರಟೆವು. ಕಾರಿನಲ್ಲಿ ಅಪ್ಪ, ತಂಗಿಯನ್ನು ಕ್ಷಮಿಸುವ ಮಾತುಗಳನ್ನು ಮರಾಠಿಯಲ್ಲಿ ಬಾಯಿಪಾಠ ಮಾಡುತ್ತಿದ್ದರು.

ಅವಳು ಗುಡ್ಡದ ಮೆಟ್ಟಿಲ ಬುಡದಲ್ಲಿ ಭಂಡಾರ, ತೆಂಗಿನಕಾಯಿ ಮಾರುವ ಅಂಗಡಿಯಲ್ಲಿ ಕೂತಿದ್ದಳು. ಅಪ್ಪ ಮರಾಠಿ ಶುರುಮಾಡಿದ್ದೇ ತಡೆದಳು.

"ಕನ್ನಡದಾಗ ಮಾತಾಡು. ಮರಾಠಿ ಮಾತಾಡಿದ್ರ ಅಪ್ಪಗ ಸಿಟ್ಟು ಬರ್ತಿತ್ತು."

ಅವಳದು ಅಪ್ಪಟ ಕಲಬುರ್ಗಿ ಕಡೆಯ ಕನ್ನಡ. ನಮ್ಮದು ಅರ್ಧ ಮರಾಠಿಯಾಗಿ ಎಷ್ಟೋ ಕಾಲವಾಗಿತ್ತು. ಅವಳಿಗೆ ಎಲ್ಲ ಗೊತ್ತಿತ್ತು: ನಮ್ಮ ಮನೆ, ಅಪ್ಪ ಓದಿದ ಶಾಲೆ, ನಮ್ಮ ಹುಟ್ಟು. ಅಪ್ಪನ ಮದುವೆಗೂ ಬಂದು, ಅಜ್ಜನ ಕೆಲಸದ ಕಡೆಯವಳೆಂದು ಹೇಳಿಕೊಂಡು ಪಂಕ್ತಿಯಲ್ಲಿ ಬುಂದಿ ಬಡಿಸಿದ್ದಳಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ತಮ್ಮ ಕೇಳಿದ. ನೀವ್ಯಾರೂ ಕೇಳಲಿಲ್ಲವಲ್ಲ ಎಂದಳು.

ಅಪ್ಪ ಒಂದೇ ಮಾತು ಕೇಳಿದರು.

"ನಮ್ಮನ್ಯಾಗ ಅಪ್ಪ ಉಂಡು ಮಲಗತಿದ್ದ, ಮಾತೇ ಇಲ್ಲ. ನಿಮ್ಮ ಕೂಡ ಏನು ಮಾತಾಡತಿದ್ದ?"

"ಭಾಳ ಮಾತಾಡತಿದ್ದ. ಹೆಚ್ಚು ನಿಂದೇ. ಲೆಕ್ಕದಾಗ ಶಾಣ್ಯಾ ಇದ್ದಾನ, ಅಕ್ಷರ ಅಷ್ಟೇ ಹೊಲಸು ಅಂತಿದ್ದ."

ಅಪ್ಪ ತೆಂಗಿನಕಾಯಿ ರಾಶಿಯ ಕಡೆ ಮುಖ ತಿರುಗಿಸಿಕೊಂಡರು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಅಲ್ಲೇ ಇಟ್ಟರು.

ಆಮೇಲೆ ಸಾವರಿಸಿಕೊಂಡು, ತಗೋ ತಂಗಿ ಎಂದು ಸೀರೆ ಚಾಚಿದರು. ಅವಳು ನಕ್ಕು, ಅಪ್ಪ ಹುಟ್ಟಿದ ವರ್ಷ ಕೇಳಿದಳು. ಅವಳು ಎರಡು ವರ್ಷ ದೊಡ್ಡವಳು. ಅಜ್ಜನ ಮೊದಲ ಕೆಲಸ ಜೇಜುರಿಯಲ್ಲೇ, ಮೊದಲ ಮದುವೆಯೂ ಅಲ್ಲೇ. ಅದು ಗೊತ್ತಿಲ್ಲದ ಕಲಬುರ್ಗಿ ಕಡೆಯ ಹಿರಿಯರು ಆಮೇಲೆ ಅಜ್ಜನಿಗೆ ನಮ್ಮಜ್ಜಿಯನ್ನು ಕಟ್ಟಿದ್ದರು.

"ಹಂಗಾದ್ರ ಎರಡನೇ ಮನಿ ನಮ್ದೇ ಆತಲ್ರಿ," ಎಂದಳು ಅವ್ವ, ಮೆಲ್ಲಗೆ.

ಚಾಚಿದ ಕೈ ಹಾಗೇ ಇತ್ತು. ದಳವಾಯಿ ವಂಶದ ಹಿರಿಮಗನಾಗಿ ಹೋದವರು ಗಳಿಗೆಯಲ್ಲಿ ಕಿರಿಯರಾಗಿಬಿಟ್ಟಿದ್ದರು. ಕಡೆಗೆ ಸೀರೆಯನ್ನು ಅವಳ ಮಡಿಲಲ್ಲಿಟ್ಟು, ಮೊಣಕಾಲು ನೋವಿನಲ್ಲೇ ಬಗ್ಗಿ ಕಾಲು ಮುಟ್ಟಿದರು. ಅವಳು ತಲೆಯ ಮೇಲೆ ಕೈಯಿಟ್ಟು, ಈ ಬಣ್ಣ ತನಗೆ ಒಪ್ಪುವುದಿಲ್ಲ, ಅಂಗಡಿಯವನು ಬದಲಿಸಿ ಕೊಡುತ್ತಾನೋ ಕೇಳು ಎಂದಳು.

ಈಗ ಪ್ರತಿ ಭಾನುವಾರ ಅವಳ ಫೋನು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿದೆಯಾ, ಮತ್ತೆ ಜಿಲೇಬಿ ತಿಂದೆಯಾ ಎಂಬ ವಿಚಾರಣೆ. ಯಾರ ಮಾತೂ ಕೇಳದ ಅಪ್ಪ, ಹೂಂ ಅಕ್ಕಾ, ಹೂಂ ಅಕ್ಕಾ ಎನ್ನುತ್ತಾರೆ. ಈ ವಯಸ್ಸಿನಲ್ಲಿ ಇದೊಂದು ಕಾಟ ಎಂದು ಆಮೇಲೆ ನಮ್ಮ ಮುಂದೆ ದೂರು. ಫೋನು ತಡವಾದರೆ ಮಾತ್ರ, ನೆಟ್‌ವರ್ಕ್ ಸರಿಯಿದೆಯೇ ನೋಡು ಎಂದು ನನ್ನನ್ನು ಟೆರೇಸಿಗೆ ಅಟ್ಟುತ್ತಾರೆ.