ಎಬೆರ್ ಉಣಿಸಿದ ಗಿಡಗಳು

ಎಬೆರ್ ಲಾರೋಸಾ ಮೊಂಟೆವಿಡಿಯೊ ಬಂದರಿನ ಕ್ಯಾಂಟೀನಿನಲ್ಲಿ ಒಂದು ಆಯುಷ್ಯವೇ ಸೌಟು ಹಿಡಿದವನು. ಖಾಲಿ ತಟ್ಟೆ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಸಾಕೆಂದು ಅಂಗೈ ಅಡ್ಡ ಹಿಡಿದ ಹಮಾಲರಿಗೂ ಬೆರಳ ಸಂದಿಯಿಂದಲೇ ಇನ್ನೊಂದು ಸೌಟು ಸಾರು ಇಳಿಸುತ್ತಾನೆ ಎಂದು ಅಲ್ಲಿ ನಗೆಯಾಡುತ್ತಿದ್ದರು. ಅವನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತಿತ್ತು. ನಿವೃತ್ತನಾದ ಮೇಲೆ ಬಡಿಸಲು ಉಳಿದವಳು ಅಕ್ಕ ನಿಬಿಯಾ ಒಬ್ಬಳೇ. ಅವಳೋ ಗುಬ್ಬಿಯ ಹಾಗೆ ತಿನ್ನುವವಳು.

ನಿಬಿಯಾ ಲಾ ತೇಹಾ ಬಡಾವಣೆಯಲ್ಲೇ, ಎರಡು ಬೀದಿಯ ಆಚೆ ಇದ್ದಳು. ಕಾರ್ನಿವಾಲ್ ಹಬ್ಬಕ್ಕೆ ಬಡಾವಣೆಯ ಹಾಡುಗಾರರ ತಂಡ ತೊಡುವ ವೇಷಗಳೆಲ್ಲ ಅವಳ ಹೊಲಿಗೆ ಯಂತ್ರದಿಂದಲೇ ಹೊರಬರುತ್ತಿದ್ದವು. ಆ ಚಳಿಗಾಲ ಅವಳ ಬೆರಳ ಗೆಣ್ಣುಗಳು ಊದಿಕೊಂಡು ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಯಿತು. ಪಕ್ಕದ ಮನೆಯವಳು ಕೊಟ್ಟ ಗಾಂಜಾ ಮುಲಾಮನ್ನು ಹಚ್ಚಿಕೊಂಡ ದಿನಗಳಲ್ಲಿ ಮಾತ್ರ ಬೆರಳು ಒಂದಿಷ್ಟು ಮಡಚುತ್ತಿತ್ತು. ಆ ಡಬ್ಬಿಯೂ ಮುಗಿಯಿತು. ವಸಂತ ಬಂದರೆ ವೇಷದ ಬಟ್ಟೆ ಕತ್ತರಿಸಲು ಶುರುಮಾಡಬೇಕು. ಅಷ್ಟರೊಳಗೆ ತಮ್ಮ ಎಬೆರ್ ಎರಡು ಗಾಂಜಾ ಗಿಡ ಬೆಳೆಸಿಕೊಟ್ಟರೆ ಇನ್ನೊಂದು ವರ್ಷ ಹೊಲಿದೇನು ಎಂದು ಅವಳು ಕೇಳಿದಳು. ಅಕ್ಕ ಅವನಲ್ಲಿ ಏನನ್ನಾದರೂ ಕೇಳಿದ್ದು ಅಪರೂಪ.

ಹೆಸರು ನೋಂದಾಯಿಸಿದವರು ಮನೆಯಲ್ಲಿ ಗಾಂಜಾ ಬೆಳೆಯಲು ಆ ದೇಶದ ಕಾನೂನು ಬಿಡುತ್ತದೆ. ಎಬೆರ್ ಅಂಚೆ ಕಚೇರಿಗೆ ಹೋಗಿ ಬೆಳೆಗಾರನೆಂದು ಹೆಸರು ಬರೆಸಿದ. ಹಿಂದಿನ ಕೋಣೆಯ ಬಟ್ಟೆಯ ಬೀರು ಖಾಲಿ ಮಾಡಿ, ಒಳಗೆ ದೀಪ ತೂಗುಹಾಕಿ, ಸಣ್ಣ ಫ್ಯಾನು ಇಟ್ಟ. ಗಿಡದ ಸಾಮಾನಿನ ಅಂಗಡಿಯ ಯಾನಿನಾ ಎಂಬ ಹೆಂಗಸು ಒಳ್ಳೆಯ ಕಪ್ಪು ಮಣ್ಣಿನ ಚೀಲ ಕೊಟ್ಟಳು. ಜೊತೆಗೆ ದ್ರವ ಗೊಬ್ಬರದ ಎರಡು ಬಾಟಲಿ, ಒಂದು ಎಲೆ ಬೆಳೆಯುವ ಕಾಲಕ್ಕೆ, ಇನ್ನೊಂದು ಹೂ ಬಿಡುವ ಕಾಲಕ್ಕೆ. ಮಣ್ಣಿನಲ್ಲೇ ಮೊದಲ ತಿಂಗಳಿಗಾಗುವಷ್ಟು ಸಾರವಿದೆ, ಬಾಟಲಿ ಮುಟ್ಟಬೇಡಿ. ಆಮೇಲೂ ಅದರ ಮೇಲೆ ಬರೆದದ್ದರ ಅರ್ಧವನ್ನಷ್ಟೇ ಹಾಕಿ, ಒಂದು ಸಲ ಗೊಬ್ಬರದ ನೀರು ಕೊಟ್ಟರೆ ಮರುಸಲ ಬರೀ ನೀರು ಕೊಡಿ ಎಂದು ಅವಳು ಹೇಳಿದಳು. ಎಬೆರ್ ತಲೆಯಾಡಿಸಿದ. ಅರ್ಧ ಎಂಬ ಮಾತು ಅವನ ಅಡುಗೆಮನೆಯಲ್ಲಿ ಎಂದೂ ನಡೆದಿರಲಿಲ್ಲ.

ಬೆಳಗ್ಗೆ ನಿಬಿಯಾ ತನ್ನ ಸೋರೆಬುರುಡೆಯ ಬಟ್ಟಲು ತೆಗೆದುಕೊಂಡು ಮಾಟೆ ಎಂಬ ಎಲೆಯ ಕಷಾಯ ಕುಡಿಯಲು ಬರುತ್ತಿದ್ದಳು. ಬಿಸಿನೀರಿನ ಫ್ಲಾಸ್ಕು ಅವನದು, ಎಲೆ ಅವಳದು. ಒಂದೇ ಬಟ್ಟಲಿನಿಂದ ಸರದಿಯ ಮೇಲೆ ಹೀರುತ್ತ, ಬೀರುವಿನ ಬಾಗಿಲು ತೆರೆದು, ಇಬ್ಬರೂ ಗಿಡಗಳನ್ನು ನೋಡುತ್ತ ಕೂರುತ್ತಿದ್ದರು. ಕುಡಿದು ಮುಗಿದ ಮೇಲೆ ಉಳಿದ ಹಸಿರು ಚರಟವನ್ನು ಅವಳು ಕುಂಡಗಳಿಗೆ ಕೊಡವುತ್ತಿದ್ದಳು. ಅವರ ತಾಯಿಯೂ ಗುಲಾಬಿಗೆ ಹಾಗೆಯೇ ಮಾಡುತ್ತಿದ್ದಳು. ಆ ಊರಿನಲ್ಲಿ ಮಾಟೆಯ ಚರಟ ಕಾಣದ ಹೂಕುಂಡವಿಲ್ಲ.

ಗಿಡಗಳು ಗೇಣುದ್ದ ಬಂದವೋ ಇಲ್ಲವೋ, ಎಬೆರ್ ಬಾಟಲಿಯ ಬಿರಡೆ ತೆಗೆದ. ನಿಬಿಯಾ ನೋಡಿದಳು.

"ಲೇ ಎಬೆರ್, ಅದು ಗಿಡ ಕಣೋ, ಹಮಾಲ ಅಲ್ಲ. ಮಣ್ಣಲ್ಲೇ ಊಟ ಇದೆ ಅಂತ ಆ ಅಂಗಡಿಯವಳು ಹೇಳಿದ್ದಳು ಅಂತ ನೀನೇ ತಾನೆ ಹೇಳಿದ್ದು?"

"ನಿನ್ನ ಊಟ ನೋಡಿದೋರು ಯಾರೂ ಊಟದ ವಿಷ್ಯ ನಿನ್ನ ಹತ್ರ ಕೇಳಲ್ಲ ಬಿಡಕ್ಕ," ಎಂದು ಅವನು ನಗುತ್ತ ಸುರಿದ. ಅವಳೂ ನಕ್ಕಳು.

ಮೊದಮೊದಲು ಗಿಡಗಳು ಕಡುಹಸಿರಾಗಿ ಮಿರುಗಿದವು. ಎಬೆರ್ ಅದನ್ನು ತೃಪ್ತಿ ಎಂದುಕೊಂಡ. ಆಮೇಲೆ ಎಲೆಯ ತುದಿಗಳು ಹೆಂಚಿನ ಮೇಲೆ ಸೀದ ರೊಟ್ಟಿಯ ಅಂಚಿನಂತೆ ಕಂದಾದವು. ಎಲೆಗಳು ಹದ್ದಿನ ಉಗುರಿನಂತೆ ಕೆಳಕ್ಕೆ ಬಾಗಿದವು. ಹಸಿದವನ ಮುಖ ಮಾತ್ರ ಓದಿ ಬಲ್ಲವನಿಗೆ ಇಲ್ಲಿಯೂ ಹಸಿವೇ ಕಂಡಿತು. ಪ್ರಮಾಣ ಹೆಚ್ಚಿಸಿದ. ಬರೀ ನೀರಿನ ಸರದಿಯಲ್ಲೂ ಬಾಟಲಿ ಬಗ್ಗಿಸಿದ. ಸುಟ್ಟ ಕಲೆ ತುದಿಯಿಂದ ಅಂಚಿಗೆ ಹರಿಯಿತು, ಎಲೆಗಳು ಉದುರತೊಡಗಿದವು.

ಆ ಬೆಳಗ್ಗೆ ಅವನು ಕಾರಣ ಹುಡುಕುತ್ತ ಮಣ್ಣು ಕೆದಕುತ್ತಿದ್ದ. ಮೇಲೆಲ್ಲ ಚರಟ, ಅದರ ಮೇಲೆ ಬಿಳಿ ಬೂಷ್ಟು, ಕೆದಕಿದರೆ ಏಳುವ ಪುಟ್ಟ ನೊಣಗಳು. ಅಷ್ಟು ಹೊತ್ತಿಗೆ ನಿಬಿಯಾ ಒಳಗೆ ಬಂದು, ಎಂದಿನಂತೆ ಬಟ್ಟಲು ತೆಗೆದು ಮೇಜಿನ ಮೇಲಿಟ್ಟಳು. ಚರಟದಿಂದಲೇ ಗಿಡ ಸಾಯುತ್ತಿದೆ ಎಂದು ಎಬೆರ್ ಕೂಗಾಡಿದ. ಎರಡು ತಿಂಗಳ ಆರೈಕೆ, ದೀಪದ ವಿದ್ಯುತ್ತು, ಅವಳಿಗಾಗಿಯೇ ಪಟ್ಟ ಪಾಡು, ಎಲ್ಲ ಎತ್ತಿ ಆಡಿದ. ಅವಳು ಎದುರಾಡಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಮಾರನೆಯ ದಿನಕ್ಕೆ ಮರೆತುಹೋಗುತ್ತಿತ್ತು. ಅವನು ನಿಲ್ಲಿಸಲಿಲ್ಲ.

"ನಿನ್ನ ಕೈ ಮುಟ್ಟಿದ್ದೆಲ್ಲ ಈಗ ಹಾಳೇ ಆಗೋದು," ಎಂದ.

ನಿಬಿಯಾ ತನ್ನ ಕೈಗಳನ್ನು ನೋಡಿಕೊಂಡಳು. ಬಟ್ಟಲು ಒಣಗಿಯೇ ಇದ್ದರೂ ಅದನ್ನು ನಲ್ಲಿಯಲ್ಲಿ ತೊಳೆದು, ಚೀಲಕ್ಕೆ ಹಾಕಿಕೊಂಡು ಹೊರಟಳು. ಬಾಗಿಲನ್ನು ಮೆತ್ತಗೆ ಎಳೆದುಕೊಂಡಳು.

ಮರುದಿನ ಅವಳು ಬರಲಿಲ್ಲ. ಸಿಟ್ಟಿಳಿದರೆ ಬಂದಾಳು ಎಂದು ಅವನು ಫ್ಲಾಸ್ಕು ತುಂಬಿಟ್ಟ. ತಾನೇ ಹೋಗಬಹುದಿತ್ತು. ಎರಡು ಬೀದಿ ದಾಟುವುದು ಅವನಿಗೆ ಆ ಚಳಿಗಾಲದಲ್ಲಿ ಸಾಧ್ಯವಾಗಲಿಲ್ಲ, ಅಷ್ಟೆ.

ಚರಟವನ್ನೆಲ್ಲ ತೆಗೆದು ಬಿಸಾಡಿದ ಮೇಲೂ ಗಿಡಗಳು ಬಾಡುತ್ತಲೇ ಹೋದಾಗ ಅವನು ಒಂದು ಎಲೆ ಕಿತ್ತು ಯಾನಿನಾ ಹತ್ತಿರ ಒಯ್ದ. ಅವಳು ತುದಿ ಮುಟ್ಟಿ ನೋಡಿ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದೆಯೇ ಎಂದು ಕೇಳಿದಳು. ಕಟ್ಟಿತ್ತು. ಎಷ್ಟು ಹಾಕಿದಿರಿ ಎಂದಳು. ಅವನು ಹೇಳಿದ.

"ಮಾಟೆ ಚರಟ ಹಾಕಿದ್ದೂ ಕಾರಣ ಇರಬೇಕು," ಎಂದ ಎಬೆರ್.

"ಹಸಿ ಚರಟ ಹಾಕಿದ್ರೆ ಬೂಷ್ಟು ಬರುತ್ತೆ, ನೊಣ ಬರುತ್ತೆ. ಎಲೆ ಸುಡಲ್ಲ ಸ್ವಾಮಿ. ಇದು ಸುಟ್ಟಿರೋದು ಗೊಬ್ಬರದಿಂದ. ಹಸಿದ ಗಿಡ ಕೆಳಗಿನ ಎಲೆಯಿಂದ ಹಳದಿಯಾಗ್ತಾ ಬರುತ್ತೆ. ಇದು ಹೊಟ್ಟೆ ತುಂಬಿ ಸಾಕು ಸಾಕು ಅಂತಿತ್ತು."

ಅವಳು ಹೇಳಿದಂತೆ ಅವನು ಕುಂಡಗಳನ್ನು ಸ್ನಾನದ ಮನೆಗೆ ಒಯ್ದು, ಕುಂಡದ ಅಳತೆಯ ಮೂರರಷ್ಟು ಬರೀ ನೀರನ್ನು ನಿಧಾನವಾಗಿ ಹೊಯ್ದ. ತಳದ ತೂತಿನಿಂದ ಕಂದು ನೀರು ಇಳಿಯಿತು, ಹೊಯ್ಯುತ್ತ ಹೊಯ್ಯುತ್ತ ತಿಳಿಯಾಯಿತು. ಬಾಟಲಿಗಳನ್ನು ಮೇಲಿನ ಗೂಡಿಗೆ ಸೇರಿಸಿದ. ಕುಂಡ ಎತ್ತಿ ನೋಡಿ, ಹಗುರವಾಗಿದ್ದರೆ ಮಾತ್ರ ನೀರು. ಹೊಸ ಎಲೆ ಕಲೆಯಿಲ್ಲದೆ ಬಿಚ್ಚಿದ ಮೇಲೆ ಅರ್ಧ ಪ್ರಮಾಣ, ಅದೂ ಸರದಿ ಬಿಟ್ಟು ಸರದಿ. ಹೂ ಕಚ್ಚಿದಾಗ ಎರಡನೆಯ ಬಾಟಲಿ, ಅದೂ ಅರ್ಧವೇ. ಕೊಯ್ಲು ಹತ್ತಿರವಾದಾಗ ಮತ್ತೆ ಬರೀ ನೀರು. ಬಾಟಲಿ ಹಿಡಿದ ಕೈ ಪ್ರತಿಸಲವೂ ಇನ್ನಷ್ಟು ಬಗ್ಗಲು ನೋಡುತ್ತಿತ್ತು. ತಡೆಯುವುದನ್ನು ಕಲಿತ.

ಒಂದು ಗಿಡ ಸತ್ತಿತು. ಇನ್ನೊಂದು ಬದುಕಿತು, ಆದರೆ ವಸಂತದ ಮೊದಲಿಗೆ ಆಗಬೇಕಿದ್ದ ಕೊಯ್ಲು ವಸಂತ ಕಳೆಯುವ ಹೊತ್ತಿಗೆ ಆಯಿತು. ಹೂಗಳನ್ನು ನೆರಳಲ್ಲಿ ಒಣಗಿಸಿ, ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ, ಮೇಣ ಬೆರೆಸಿದ. ಅಡುಗೆಯವನ ಕೈ ಅದರಲ್ಲಿ ತಪ್ಪಲಿಲ್ಲ. ಒಂದು ಡಬ್ಬಿ ಮುಲಾಮಾಯಿತು. ಅದನ್ನು ಜೇಬಿನಲ್ಲಿಟ್ಟುಕೊಂಡು ಎರಡು ಬೀದಿ ದಾಟಿದ.

ನಿಬಿಯಾ ಒಳಗೆ ಕರೆದಳು. ಕಿಟಕಿಯ ಕೆಳಗೆ, ಹೊಲಿಗೆ ಯಂತ್ರವಿದ್ದ ಜಾಗದಲ್ಲಿ, ನೆಲದ ಮೇಲೆ ಅದರ ಕಾಲುಗಳ ಗುರುತು ಉಳಿದಿತ್ತು. ವೇಷದ ಕೆಲಸ ಒಲ್ಲೆನೆಂದು ತಂಡದವರಿಗೆ ಹೇಳಿ ಕಳಿಸಿದ್ದಳು. ಯಂತ್ರವನ್ನು ಅವರು ಗೊತ್ತುಮಾಡಿದ ಹೊಸ ಹೊಲಿಗೆಯವಳಿಗೇ ಮಾರಿದ್ದಳು. ಅವನು ಕೊಟ್ಟ ಡಬ್ಬಿಯ ಮುಚ್ಚಳ ತಿರುಗಿಸಲು ಅವಳಿಗೆ ಆಗಲಿಲ್ಲ, ಅವನೇ ತೆಗೆದುಕೊಟ್ಟ. ಅವಳು ಒಂದೊಂದೇ ಗೆಣ್ಣಿಗೆ ಹಚ್ಚಿಕೊಂಡಳು.

"ತಪ್ಪು ಚರಟದ್ದಲ್ಲ ಅಕ್ಕ," ಎಂದ ಎಬೆರ್. "ನಂದೇ. ಜಾಸ್ತಿ ಹಾಕಿಬಿಟ್ಟೆ."

"ಗೊತ್ತಿತ್ತು."

"ಗೊತ್ತಿದ್ರೆ ಅವತ್ತೇ ಯಾಕೆ ಹೇಳಲಿಲ್ಲ?"

"ಮೊದಲೇ ಹೇಳಿದ್ದೆ. ನೀನು ಬಡಿಸ್ತಾ ಇದ್ದೆ, ಕೇಳಿಸಲಿಲ್ಲ." ಇನ್ನೊಂದು ಗೆಣ್ಣಿಗೆ ಹಚ್ಚಿಕೊಳ್ಳುತ್ತ ಅವಳೇ ಅಂದಳು: "ಕೈ ವಿಷ್ಯ ನೀನು ಹೇಳಿದ್ದು ಸುಳ್ಳೇನೂ ಅಲ್ಲ. ಅದು ನಿನ್ನ ಬಾಯಿಂದ ಬರಬಾರದಿತ್ತು, ಅಷ್ಟೆ."

ಅವಳು ಮಾಟೆ ಮಾಡಿ ಅವನಿಗೂ ಕೊಟ್ಟಳು. ಕುಡಿಯುತ್ತ ಕುಡಿಯುತ್ತ ಅವಳ ಬೆರಳುಗಳು ಬಟ್ಟಲಿನ ಸುತ್ತ ಮೆಲ್ಲಗೆ ಮಡಚಿಕೊಂಡವು, ದಾರ ಹಿಡಿಯಲು ಸಾಕಾಗುವಷ್ಟು. ಇಬ್ಬರೂ ಅದನ್ನು ಕಂಡರು. ಇಬ್ಬರೂ ಕಿಟಕಿಯ ಕೆಳಗೆ ನೋಡಲಿಲ್ಲ.

ಈಗಲೂ ಎಬೆರ್ ಬೀರುವಿನಲ್ಲಿ ಒಂದು ಗಿಡ ಬೆಳೆಸುತ್ತಾನೆ, ಅರ್ಧ ಪ್ರಮಾಣದಲ್ಲಿ. ಅದರ ಎಲೆಯ ಮೇಲೆ ಒಂದು ಕಲೆಯೂ ಇರುವುದಿಲ್ಲ. ಪ್ರತಿವರ್ಷ ವಸಂತಕ್ಕೆ ಮುಂಚೆಯೇ ಮುಲಾಮು ತಲುಪಿಸುತ್ತಾನೆ. ನಿಬಿಯಾ ಮಾಟೆ ಕೊಡುತ್ತಾಳೆ, ಊಟಕ್ಕೂ ಕೂರಿಸುತ್ತಾಳೆ. ಅವನ ಮನೆಗೆ ಮಾತ್ರ ಬಟ್ಟಲು ಹಿಡಿದು ಅವಳು ಮತ್ತೆ ಬರಲಿಲ್ಲ.