ದೀಪ ಹಚ್ಚಿದ ಮೇಲೆ ಬರೆದ ಹನ್ನೊಂದು ಪತ್ರಗಳು

ಗಣಪಿಯ ಸಿಟ್ಟಿಗೆ ಹೆದರಿಯೇ ಹೊಳೆಯ ಉಪ್ಪುನೀರು ಮಣ್ಣಿನ ಬಂಡಿನ ಆಚೆ ನಿಂತಿದೆ ಎಂದು ಕಡವಿನಕೇರಿಯವರು ಹೇಳುತ್ತಿದ್ದರು. ಹೇಳಿ ನಗುತ್ತಿದ್ದರು. ನಗುವುದು ಅವಳ ಬೆನ್ನ ಹಿಂದೆ ಮಾತ್ರ. ನಿಲ್ದಾಣ ದಾಟಿ ಬಸ್ಸು ನಿಲ್ಲಿಸಿದ ಡ್ರೈವರನನ್ನು ಕೆಳಗಿಳಿಸಿ, ಅವನೊಡನೆ ಹಿಂದಕ್ಕೆ ನಡೆದುಹೋಗಿ, "ನಿಲ್ದಾಣ ಅಂದ್ರೆ ಇದು, ಕಂಡ್ತಾ?" ಎಂದು ಕಲ್ಲು ಮುಟ್ಟಿ ತೋರಿಸಿದವಳು ಅವಳು.

ಗಣಪಿಗೆ ನಲವತ್ತೆಂಟು. ಮದುವೆಯಾಗಲಿಲ್ಲ. ಕುಮಟೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಅಟೆಂಡರ್. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಹೋದರೆ ಮನೆ ಸೇರುವಾಗ ತಾಯಿ ಸಣ್ಣಿ ದೀಪ ಹಚ್ಚಿ ಆಗಿರುತ್ತಿತ್ತು. ಕಾಲೇಜಿನವರು ಗುಜರಿಗೆ ಹಾಕಲು ಹೊರಟಿದ್ದ ಹಳೆಯ ಕಂಪ್ಯೂಟರೊಂದನ್ನು ಅವಳು ಕೇಳಿ ತಂದಿದ್ದಳು. ಚಿತ್ರ, ಬಣ್ಣ, ಕಿಟಕಿ ಯಾವುದನ್ನೂ ಎಳೆಯುವ ತ್ರಾಣ ಅದಕ್ಕಿರಲಿಲ್ಲ. ಲ್ಯಾಬಿನ ಮೇಷ್ಟ್ರು ಶ್ರೀನಾಥ ಅದರೊಳಗೆ ಬರೀ ಅಕ್ಷರದಲ್ಲಿ ನಡೆಯುವ ಮೇಲ್ ಪ್ರೋಗ್ರಾಮ್ ಹಾಕಿಕೊಟ್ಟ. ಮೌಸ್ ಬೇಡ, ಆಜ್ಞೆಯನ್ನು ಟೈಪ್ ಮಾಡಿದರೆ ಕಪ್ಪು ಪರದೆ ಕೆಲಸ ಮಾಡುತ್ತಿತ್ತು. ಕನ್ನಡ ಅಕ್ಷರ ಮೂಡುತ್ತಿರಲಿಲ್ಲ. ಗಣಪಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಿದ್ದಳು. "ಫೋನಲ್ಲೇ ಕಳ್ಸೂಕೆ ಆಗ್ತದಲ್ಲೇ" ಎಂದರೆ, "ಬೆರಳು ಸವರಿ ಸಿಟ್ಟು ಬರಿಯೂಕೆ ಆಗ್ತದಾ? ಕುಟ್ಟಬೇಕು" ಎನ್ನುತ್ತಿದ್ದಳು.

ಕೇರಿಯ ಗದ್ದೆಗಳು ಗಜನಿ ಗದ್ದೆಗಳು. ಹೊಳೆಗೆ ಸಮುದ್ರದ ಭರತ, ಅಂದರೆ ಉಬ್ಬರ, ಬರುವ ಜಾಗ. ನಡುವೆ ಮಣ್ಣಿನ ಬಂಡು. ಬಂಡಿನಲ್ಲಿ ನೀರು ಹಾಯುವ ಒಂದು ಗಂಡಿ, ಗಂಡಿಗೆ ಮರದ ಹಲಗೆಗಳು. ಭರತದ ಹೊತ್ತಿಗೆ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಬೇಕು. ಅಲ್ಲಿ ಬೆಳೆಯುವ ಕಗ್ಗ ಭತ್ತ ಚೂರುಪಾರು ಉಪ್ಪು ತಾಳಿಕೊಳ್ಳುತ್ತದೆ, ಆದರೆ ಮೊಳಕೆಯಲ್ಲೇ ಉಪ್ಪುನೀರಿನಲ್ಲಿ ಮುಳುಗಿದರೆ ಕೊಳೆತೇ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಆ ಹಲಗೆಗಳು ಒಡೆದವು, ಗಂಡಿಯ ಕಲ್ಲೂ ಜಗ್ಗಿತು. ಎಂಜಿನಿಯರು ಎರಡು ಸಲ ಬಂದು ನೋಡಿದರು, ಫೋಟೋ ತೆಗೆದರು, ಎಳನೀರು ಕುಡಿದರು, ಹೋದರು. ಆಮೇಲೆ ಪಂಚಾಯ್ತಿ ಗೋಡೆಗೆ ಒಂದು ನೋಟಿಸು ಬಂತು: ಬಂಡು ದುರಸ್ತಿಯ ಅಹವಾಲು ಇದ್ದವರು ಮಾರ್ಚ್ ಮುಗಿಯುವುದರೊಳಗೆ ಈ ವಿಳಾಸಕ್ಕೆ ಇಮೇಲ್ ಮಾಡಬೇಕು.

ಗಂಡಿ ಕಾಯುವ ಜಟ್ಟ, ಪಕ್ಕದ ಮನೆಯವ, ನೋಟಿಸು ಓದಿಸಿಕೊಂಡು ನೇರ ಗಣಪಿಯ ಜಗಲಿಗೆ ಬಂದ.

"ತಂಗೀ, ನೀ ಬರಿ. ನಿನ್ನ ಬಾಯಿ ಹ್ಯಾಂಗದೆಯೋ ಹಾಂಗೇ ಬರಿ. ಓದಿದವ್ರಿಗೆ ಉರೀಬೇಕು."

"ಉರೀದೇ ಎಂತ ಆಗ್ತದೆ ಜಟ್ಟಣ್ಣ! ಇವತ್ತೇ ಬರಿತೆ."

ಅಂದೇ ಬರೆದಳು. "ಎರಡು ಸಲ ಬಂದು ನೋಡಿದ ಕಣ್ಣು ಕಣ್ಣೋ, ಗೋಲಿಯೋ?" ಎಂದೇ ಪತ್ರ ಶುರು. ಮುಗಿಸಿ ಕಳಿಸುವ ಕೀಲಿಯ ಮೇಲೆ ಬೆರಳು ಇಡುವಷ್ಟರಲ್ಲಿ ಸಣ್ಣಿ ಒಳಗಿಂದ ಕೂಗಿದಳು.

"ದೀಪ ಹಚ್ಚಿ ಆತು ಹಾಂ."

ಸಣ್ಣಿಯ ಮನೆಯ ಕಟ್ಟಳೆ ಇದು. ದೀಪ ಹಚ್ಚಿದ ಮೇಲೆ ಮನೆಯಿಂದ ಉಪ್ಪು ಹೊರಗೆ ಹೋಗಬಾರದು, ಮಜ್ಜಿಗೆ ಹೋಗಬಾರದು, ಸೂಜಿ ಹೋಗಬಾರದು. ಇಷ್ಟು ಎಲ್ಲರ ಮನೆಯಲ್ಲೂ ಇದ್ದದ್ದೇ. ಸಣ್ಣಿ ಅದಕ್ಕೆ ಸಿಟ್ಟಿನ ಮಾತನ್ನೂ ಸೇರಿಸಿದ್ದಳು. ಅವಳ ಗಂಡ ಹಮ್ಮ, ಗಣಪಿಯ ಅಪ್ಪ, ದೀಪದ ಹೊತ್ತಿನಲ್ಲಿ ಅವಳಾಡಿದ ಒಂದು ಮಾತಿಗೆ ಜಗಲಿಯಿಂದ ಎದ್ದವನು, ಕಾಸರಕೋಡದಲ್ಲಿ ಯಾರದೋ ಬೋಟು ಹತ್ತಿ ಹೋದವನು, ಮೂವತ್ತೈದು ವರ್ಷ ಆಯಿತು, ತಿರುಗಿ ಬಂದಿಲ್ಲ. ಆ ಮಾತು ಏನೆಂದು ಮಗಳಿಗೂ ಹೇಳಿಲ್ಲ.

ಊರಿಗೆಲ್ಲ ಎದುರು ನಿಲ್ಲುವ ಗಣಪಿ ಈ ಒಂದಕ್ಕೆ ಬಗ್ಗುತ್ತಿದ್ದಳು. ಹೊರಬರುವ ಕೀಲಿ ಒತ್ತಿದಳು. ಕಳಿಸದ ಪತ್ರವನ್ನು ಮುಂದಕ್ಕೆ ಹಾಕಿ ಇಟ್ಟುಕೊಳ್ಳಲೇ ಎಂದು ಕಪ್ಪು ಪರದೆ ಕೇಳಿತು. ಹೌದು ಎಂದಳು. ಬೆಳಿಗ್ಗೆ ಕಳಿಸಿದರಾಯಿತು.

ಬೆಳಿಗ್ಗೆ ನೀರು ಸೇದಬೇಕು, ಗಂಜಿ ಇಡಬೇಕು, ಬಸ್ಸು ಹಿಡಿಯಬೇಕು. ಸಂಜೆ ಬಂದು ಯಂತ್ರ ಹಾಕಿದರೆ, ಮುಂದಕ್ಕೆ ಹಾಕಿದ ಪತ್ರವೊಂದಿದೆ, ತೆರೆಯಲೇ ಎಂದು ಪ್ರೋಗ್ರಾಮು ಕೇಳುತ್ತಿತ್ತು. ನಿನ್ನೆಯ ಬೈಗುಳವನ್ನು ಇಂದು ಓದಲು ಅವಳಿಗೆ ನಾಚಿಕೆ. ಬೇಡ ಎಂದು ಹೊಸದಾಗಿ ಬರೆಯುತ್ತಿದ್ದಳು. ಬರೆಯುತ್ತ ಬರೆಯುತ್ತ ಅದೂ ಹಳೆಯದಕ್ಕಿಂತ ಖಾರವಾಗುತ್ತಿತ್ತು. ಮತ್ತೆ ದೀಪ. ಮತ್ತೆ ಮುಂದಕ್ಕೆ. ರಜೆಯ ದಿನ ಬಂದರೆ ಗಂಡಿಗೆ ಮಣ್ಣಿನ ಚೀಲ ಹೊರಲು ಎಲ್ಲರೊಂದಿಗೆ ಅವಳೂ ಹೋಗುತ್ತಿದ್ದಳು.

"ಬರ್ದ್ಯನೇ?" ಎಂದು ಜಟ್ಟ ಬೇಲಿಯಾಚೆಯಿಂದ ಕೇಳುತ್ತಿದ್ದ.

"ಬರ್ದೆ!" ಎನ್ನುತ್ತಿದ್ದಳು. ಸುಳ್ಳಲ್ಲವಲ್ಲ.

ಗಣಪಿ ಬರೆದಿದ್ದಾಳೆಂದ ಮೇಲೆ ಕೇರಿಯಲ್ಲಿ ಇನ್ನೊಬ್ಬರು ಬರೆಯಲಿಲ್ಲ. ಅವಳ ಖಾರದ ಮುಂದೆ ತಮ್ಮದು ಸಪ್ಪೆ ಎಂದುಕೊಂಡರು.

ಏಪ್ರಿಲಿನಲ್ಲಿ ದುರಸ್ತಿಯ ಪಟ್ಟಿ ಬಂತು. ಹೊಳೆಯಾಚೆಯ ಬಂಡು ಇತ್ತು, ಕಡವಿನಕೇರಿಯದ್ದಿಲ್ಲ. ಗಣಪಿ ರಜೆ ಹಾಕಿ ಎಂಜಿನಿಯರರ ಕಚೇರಿಗೆ ನುಗ್ಗಿದಳು. ಗುಮಾಸ್ತ ವಿನೋದ ಊಟದ ಡಬ್ಬಿ ಬಿಚ್ಚುತ್ತಿದ್ದ.

"ಮುಚ್ಚು ಅದನ್ನ! ನಮ್ಮ ಗದ್ದೆ ಮುಳುಗಿದ ಮೇಲೆ ನೀ ಉಂಬೂದು ಯಾರ ಅನ್ನ?"

"ಅಕ್ಕಾ, ನಿಮ್ಮೂರಿಂದ ಒಂದೂ ಪತ್ರ ಬರ್ಲಿಲ್ಲ. ನೋಡಿ ಬೇಕಾದ್ರೆ." ಅವನು ಪರದೆಯನ್ನು ಅವಳತ್ತ ತಿರುಗಿಸಿದ.

"ನಿನ್ನ ಡಬ್ಬಿ ನೋಡಿದ್ಹಾಂಗೆ ಮೇಲ್ ನೋಡಿದ್ರೆ ಕಾಣ್ತಿತ್ತು! ನಾ ಬರ್ದದ್ದು ಹನ್ನೊಂದು ಪತ್ರ. ತಂದು ನಿನ್ನ ಮುಖಕ್ಕೆ ಹಿಡಿತೆ."

ಅಷ್ಟರಲ್ಲಿ ಒಂದೆರಡಾದರೂ ಹೋಗಿವೆ ಎಂದೇ ಅವಳು ನಂಬಿದ್ದಳು. ಸಾಬೀತು ಮಾಡಲೆಂದೇ ಮನೆಗೆ ಬಂದು, ನಡುಮಧ್ಯಾಹ್ನ, ಒಂದೇ ಸಾಲಿನ ಆಜ್ಞೆ ಕೊಟ್ಟು ಪಟ್ಟಿ ಇಳಿಸಿದಳು. ಹನ್ನೊಂದೂ ಇದ್ದವು. ಹನ್ನೊಂದೂ ಮುಂದಕ್ಕೆ ಹಾಕಿದವುಗಳ ಕಡತದಲ್ಲಿ. ಹೋದವುಗಳ ಕಡತ ಖಾಲಿ. ಪ್ರತಿಯೊಂದರ ಮುಂದೆ ತಾರೀಕು, ಗಂಟೆ. ಸಂಜೆ ಆರೂ ಐವತ್ತು, ಏಳು ಹತ್ತು, ಏಳು ಐದು.

ನಾಳೆ ನಾಳೆ ಎಂದು ಅಷ್ಟೂ ಸಂಜೆ ತಾನೇ ಕೈಯಾರೆ ತಡೆದಿದ್ದಳು. ಕೀಬೋರ್ಡು ಎತ್ತಿ ಗೋಡೆಗೆ ಬಡಿದಳು. ಒಂದು ಕೀಲಿ ಹಾರಿ ಒಲೆಯ ಬೂದಿಗೆ ಬಿತ್ತು. ಆಮೇಲೆ ಅದೇ ಕೀಬೋರ್ಡಿನಲ್ಲಿ, ಆ ಕೀಲಿಯ ಜಾಗದಲ್ಲಿ ಬರಿಯ ಗೂಟ ಒತ್ತುತ್ತ, ಹನ್ನೆರಡನೆಯದೊಂದು ಬರೆದು ಹಗಲಿನಲ್ಲೇ ಕಳಿಸಿದಳು. ಅವಧಿ ಮುಗಿದಿದೆ, ಮುಂದಿನ ವರ್ಷ ಪರಿಶೀಲಿಸಲಾಗುವುದು ಎಂದು ಎರಡು ಸಾಲಿನ ಉತ್ತರ ಬಂತು.

ಜೂನಿನ ದೊಡ್ಡ ಭರತಕ್ಕೆ ಗಂಡಿ ಕಿತ್ತುಹೋಯಿತು. ಮೊಳಕೆ ಕೊಳೆಯಿತು. ಬಾವಿಗಳು ಉಪ್ಪಾದವು. ಬಂಡಿಗೆ ತಾಗಿದ ಎರಡು ಮನೆಗಳ, ಜಟ್ಟನದು ಮತ್ತು ಗಣಪಿಯದು, ಮಣ್ಣಿನ ಗೋಡೆ ಬುಡದಿಂದ ಸೀಳಿತು. ಮಳೆ ನಿಂತ ಮೇಲೆ ಮನೆ ಖಾಲಿ ಮಾಡಬೇಕು ಎಂದು ಜುಲೈಯಲ್ಲಿ ಕಚೇರಿಯಿಂದ ಕಾಗದ ಬಂತು. ಕಾಗದ ಕೊಡಲಿಕ್ಕೆ ಮಾತ್ರ ಅವರಿಗೆ ಯಾರ ಇಮೇಲೂ ಬೇಕಾಗಲಿಲ್ಲ.

ಜಟ್ಟ ಕಾಗದ ಹಿಡಿದು ಕಚೇರಿಯವರ ಏಳು ತಲೆಮಾರನ್ನು ಬೈಯುತ್ತಿದ್ದ. ಗಣಪಿಗೆ ಕೇಳಿಸಿಕೊಳ್ಳಲಾಗಲಿಲ್ಲ. ಜಗಲಿಯಲ್ಲೇ ಹೇಳಿದಳು.

"ಜಟ್ಟಣ್ಣ, ಪತ್ರ ಹೋಗ್ಲಿಲ್ಲ. ಬರ್ದೆ, ಕಳ್ಸಲಿಲ್ಲ."

ಜಟ್ಟ ಕಾಗದ ಕೆಳಗಿಟ್ಟ.

"ಬರ್ದೆ ಬರ್ದೆ ಅಂದ್ಯಲ್ಲೇ! ಬರ್ದು ಉಪ್ಪಿನಕಾಯಿ ಹಾಕಿಟ್ಟಿದ್ಯಾ? ಮಂದಿ ಮೇಲೆಲ್ಲ ಹಾರೂಕೆ ಬಾಯಿ ಅದೆ ನಿಂಗೆ, ಹಾರಬೇಕಾದಲ್ಲಿ ಹಾರಲಿಲ್ಲ!"

"ಬೈ. ಇನ್ನೂ ಬೈ. ಆದ್ರೆ ಎರಡು ಸಲ ಬಂದು ನೋಡಿದವ್ರಿಗೆ ಪತ್ರ ಯಾಕೆ ಬೇಕಿತ್ತು, ಅದನ್ನೂ ಕೇಳು!"

ಜಟ್ಟ ಉಗುಳಿ ಹೊರಟುಹೋದ. ಮೂರು ತಿಂಗಳು ಬೇಲಿಯಾಚೆಯಿಂದ ಮಾತಿಲ್ಲ.

ಅಕ್ಟೋಬರಿನ ಒಂದು ಸಂಜೆ, ಪಾತ್ರೆ ಚಾಪೆಗಳೆಲ್ಲ ಕುಮಟೆಯ ಬಾಡಿಗೆ ಮನೆ ಸೇರಿ, ಕಂಪ್ಯೂಟರೊಂದು ಉಳಿದಿತ್ತು. ಸಣ್ಣಿ ಹಟ ಹಿಡಿದು ಕೊನೆಯ ದೀಪ ಹಚ್ಚಿದಳು. ರಸ್ತೆಯಲ್ಲಿ ಟೆಂಪೋ ಕಾಯುತ್ತಿತ್ತು. ಮುಂದಿನ ವರ್ಷದ ಪಟ್ಟಿಗೆ ಅಹವಾಲು ಕರೆದಿದ್ದರು. ಕೇರಿಯ ಉಳಿದ ಹನ್ನೆರಡು ಮನೆಗಳು ಇನ್ನೂ ಅದೇ ಗಂಡಿಯ ಕೆಳಗಿದ್ದವು. ಗಣಪಿ ನಿಂತುಕೊಂಡೇ ಕುಟ್ಟುತ್ತಿದ್ದಾಗ ತನ್ನ ಮನೆಯನ್ನೂ ಖಾಲಿ ಮಾಡಿದ್ದ ಜಟ್ಟ ಬಾಗಿಲಲ್ಲಿ ಬಂದು ನಿಂತ.

"ಈಗ್ಲೇ ಕಳ್ಸು. ನಾ ನೋಡ್ಬೇಕು. ನಿನ್ನ ಬರ್ದೆ ಅನ್ನೂದು ನಂಗೆ ಬೇಡ."

ಗಣಪಿ ತಾಯಿಯ ಕಡೆ ನೋಡಿದಳು. ಸಣ್ಣಿಯ ಮುಖ ಕೆಂಪಾಗಿತ್ತು.

"ನನ್ನನ್ನೆಂತ ನೋಡ್ತೆ? ಉಪ್ಪೆಲ್ಲ ಮನೆ ಒಳಗೇ ಬಂತು. ಬಾವಿಗೆ ಬಂತು, ಒಲೆ ಬುಡಕ್ಕೆ ಬಂತು. ಇನ್ನೆಂತ ಒಳಗೆ ಇಟ್ಕಂಬೂದು? ಕಳ್ಸೇ! ಹಳೆ ಹನ್ನೊಂದನ್ನೂ ಕಳ್ಸು!"

ಗಣಪಿ ಹೊಸದನ್ನು ಕಳಿಸಿದಳು. ಆಮೇಲೆ ಹಳೆಯವು. ಒಂದಕ್ಷರ ತಿದ್ದಲಿಲ್ಲ. ಗೋಲಿ ಕಣ್ಣೂ ಹೋಯಿತು, ಎಳನೀರೂ ಹೋಯಿತು. ಒಂದೊಂದೇ ಸಾಲು ಪರದೆಯಲ್ಲಿ ಮೇಲೇರಿ ಮಾಯವಾಯಿತು.

"ಹೋತನೇ?" ಜಟ್ಟ ಕೇಳಿದ.

"ಹೋತು."

"ಎಲ್ಲಾ?"

"ಎಲ್ಲಾ ಹೋತು. ಬೇಕಾದ್ರೆ ನಾಳೆ ಹತ್ತು ಗಂಟೆಗೆ ಬಾ, ಆ ವಿನೋದನ ಮುಂದೆ ಕೂತು ಒಂದೊಂದೇ ಓದ್ಸುವ."

ಜಟ್ಟ ಬಗ್ಗಿ ಕಂಪ್ಯೂಟರಿನ ಭಾರದ ಡಬ್ಬಿಯನ್ನು ಹೆಗಲಿಗೇರಿಸಿಕೊಂಡ. ಸಣ್ಣಿ ದೀಪಕ್ಕೆ ಇನ್ನಷ್ಟು ಎಣ್ಣೆ ಎರೆದು ಅವನ ಹಿಂದೆ ಹೋದಳು. ಗಣಪಿ ಕೀಲಿ ಕಿತ್ತ ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು, ಸೀಳಿದ ಗೋಡೆಯನ್ನು ಒಮ್ಮೆ ಕಾಲಿನಿಂದ ಒದ್ದು, ಬಾಗಿಲು ಹಾಕದೆ ಹೊರಗಿಳಿದಳು.